ಉಪ್ಪುನೀರಿನ ಕುದುರೆಗಳು

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಿಗೆಲ್ಲ ‘ಸೈಂಧವ’ ಶಬ್ದದ ಉದಾಹರಣೆಯು ಪರಿಚಿತವಾದುದೇ. ಆ ಒಂದು ಶಬ್ದಕ್ಕೆ ಉಪ್ಪೆಂದೂ ಕುದುರೆಯೆಂದೂ ಎರಡರ್ಥಗಳುಂಟು. ಯಜಮಾನನು ‘ಸೈಂಧವವನ್ನು ತಾ’ ಎಂದು ಸೇವಕನಿಗೆ ಹೇಳಿದಾಗ, ಊಟದ ಹೊತ್ತಾದರೆ ಉಪ್ಪನ್ನು ತರಬೇಕು, ಪ್ರಯಾಣದ ಹೊತ್ತಾದರೆ ಕುದುರೆಯನ್ನು ತರಬೇಕು. ಯಾವ ಅರ್ಥವೆಂಬುದನ್ನು ಪ್ರಕರಣವೇ ನಿರ್ಣಯಿಸತಕ್ಕದ್ದು. ನಮ್ಮ ಗುರುಗಳು ಇದನ್ನು ಪಾಠ ಹೇಳುವಾಗ, ಊಟದೆಲೆಯ ಮುಂದೆ ಕುದುರೆಯನ್ನು ತಂದು ನಿಲ್ಲಿಸಿದ ಮಂದಮತಿಯೊಬ್ಬನ ಚಿತ್ರವನ್ನು ಕಟ್ಟಿ ನಮ್ಮನ್ನು ನಗಿಸುತ್ತಿದ್ದರು. ಅದಾಗಿ ಐವತ್ತು ವರ್ಷಗಳ ಮೇಲಾದುವು. ಉಪ್ಪೂ ಕುದುರೆಯೂ ಒಂದೇ ಪ್ರಕರಣದಲ್ಲಿ ಕೂಡಿಬರುವ ಸ್ಥಳವು ಭೂಮಿಯ ಮೇಲುಂಟೆಂಬುದಾಗಲಿ, ಕುದುರೆಯನ್ನು ಅಡಿಗೆಯ ಮನೆಗೇ ಕರೆತಂದವರು ಮಂದಮತಿಗಳಾಗಿರದೆ ಬಹು ವಿವೇಕಿಗಳಾಗಿದ್ದರೆಂಬುದಾಗಲಿ ಆಗ ನಮಗೆ ತಿಳಿದಿರಲಿಲ್ಲ. ಆ ಸ್ಥಳದ ಇತಿಹಾಸವನ್ನೂ, 1962ನೆಯ ಇಸವಿಯಲ್ಲಿ ಅಲ್ಲಿ ಒದಗಿದ ಜಲಪ್ರಳಯವನ್ನೂ, ಅದಾದ ಮೇಲೆ ಕುದುರೆಗಳ ಹಿಂಡು ಮತ್ತೆ ನೆಲೆಗೊಂಡ ಬಗೆಯನ್ನೂ ವಾಚಕರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶವು.

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪೂರ್ವ ಕರಾವಳಿಯಲ್ಲಿ ಮೇರಿಲ್ಯಾಂಡ್, ವರ್ಜಿನಿಯಾ ಎಂಬ ಎರಡು ಸಂಸ್ಥಾನಗಳಿವೆಯಷ್ಟೆ. ಅವೆರಡರ ಅಂಚಿಗೂ ಅಟ್ಲಾಂಟಿಕ್ ಮಹಾಸಾಗರಕ್ಕೂ ನಡುವೆ, ಗೋಡೆ ಕಟ್ಟಿದಂತೆ, ಸುಮಾರು 37 ಮೈಲಿ ಉದ್ದವಾದ ಒಂದು ಮರಳಿನ ದ್ವೀಪವು ಚಾಚಿಕೊಂಡಿದೆ. ಅದರ ಹೆಸರು ಅಸಟೀಗ್. ಉದ್ದವಿರುವಷ್ಟು ಅಗಲವಿಲ್ಲ, ಎತ್ತರವಂತೂ ಇಲ್ಲವೆಂದೇ ಹೇಳಬಹುದು. ಕಡಲ ಕಡೆಗೆ ಮರಳುದಿಣ್ಣೆಗಳು, ನಡುವೆ ಪೊದೆಗಳೂ ದೇವದಾರು ಜಾತಿಯ ಮರಗಳೂ, ನೆಲದ ಕಡೆಗೆ ಉಪ್ಪು ಜವುಗು. ಇಂಥ ದ್ವೀಪಗಳು ಕಲ್ಲಿನ ಮೇಲೆ ನಿಂತವಲ್ಲ. ಗಾಳಿಯೂ ಅಲೆಯೂ ತಂದಿಟ್ಟ ಮರಳನ್ನು ಅವೇ ಬೇಕಾದಾಗ ಎತ್ತಿಕೊಂಡು ಹೋಗುವುವು. 1933ರ ಆಗಸ್ಟ್ ತಿಂಗಳಿನ ಚಂಡಮಾರುತವೊಂದು ಒಂದೇ ಏಟಿಗೆ ಇದರ ಉತ್ತರದ ತುದಿಯನ್ನು ಕತ್ತರಿಸಿ ಹೊಸದೊಂದು ಅಳಿವೆಯನ್ನು ತೆರೆದಿತು. ಈ ದ್ವೀಪದ ದಕ್ಷಿಣ ಭಾಗದ ಮರೆಯಲ್ಲಿ, ಕಿರಿದಾದ ಕಾಲುವೆಯಷ್ಟು ನೀರನ್ನು ನಡುವಿಟ್ಟುಕೊಂಡು, ಶಿಂಕಟೀಗ್ ಎಂಬ ಮತ್ತೊಂದು ಚಿಕ್ಕ ದ್ವೀಪವಿದೆ. ಜನರು ವಾಸಿಸುವುದು ಇದರಲ್ಲಿ. ಕುದುರೆಗಳು ಮೇಯುವುದು ಅದರಲ್ಲಿ.

ಕುದುರೆಗಳೆಂದರೆ ನಮ್ಮ ರಾವುತರ ಎತ್ತರದ ಕುದುರೆಗಳಲ್ಲ. ಗಿಡ್ಡವಾದ, ಬಲಿಷ್ಠವಾದ ತಟ್ಟುಗಳು. ಅವು ಅಲ್ಲಿಗೆ ಹೇಗೆ ಬಂದುವೆಂಬುದಕ್ಕೆ ಎರಡು ಕಥೆಗಳುಂಟು. ಒಡೆದುಹೋದ ಸ್ಪೇನ್ ದೇಶದ ಹಡಗೊಂದರಿಂದ ಈಜಿ ದಡ ಸೇರಿದುವೆಂಬುದು ದ್ವೀಪದವರಿಗೆ ಪ್ರಿಯವಾದ ಕಥೆ. ಬೇಲಿಯ ಕಾನೂನನ್ನೂ ಜಾನುವಾರುಗಳ ಮೇಲಿನ ಕಂದಾಯವನ್ನೂ ತಪ್ಪಿಸಿಕೊಳ್ಳುವುದಕ್ಕಾಗಿ ಹದಿನೇಳನೆಯ ಶತಮಾನದ ರೈತರೇ ಅವನ್ನು ದ್ವೀಪದಲ್ಲಿ ಬಿಟ್ಟರೆಂಬುದು ಇತಿಹಾಸಕಾರರಿಗೆ ಒಪ್ಪಿತವಾದ ಕಥೆ. ಎರಡನೆಯದೇ ಸಂಭವನೀಯವೆಂದು ನಮಗೂ ತೋರುವುದು. ಕಂದಾಯವನ್ನು ತಪ್ಪಿಸಿಕೊಳ್ಳುವ ಬುದ್ಧಿಗೆ ದೇಶಕಾಲಗಳ ಭೇದವಿಲ್ಲವಷ್ಟೆ. ಆದರೂ ಮೊದಲನೆಯದನ್ನು ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. ಹಯಿತಿ ದೇಶದಲ್ಲಿ ಹದಿನಾರನೆಯ ಶತಮಾನದ ಸ್ಪೇನಿನವರ ಪಟ್ಟಣವೊಂದರ ಅವಶೇಷಗಳಲ್ಲಿ ಸಿಕ್ಕಿದ ಕುದುರೆಯ ಹಲ್ಲೊಂದನ್ನು ಶೋಧಿಸಿದ ವಿದ್ವಾಂಸರು, ಅದರ ವಂಶಕ್ಕೆ ಅತ್ಯಂತ ಸಮೀಪವಾದವು ಶಿಂಕಟೀಗಿನ ತಟ್ಟುಗಳೇ ಎಂದು 2022ರಲ್ಲಿ ಪ್ರಕಟಿಸಿರುವರು. ಅವುಗಳ ಆಹಾರ ಜವುಗಿನ ಉಪ್ಪುಹುಲ್ಲು. ಹುಲ್ಲಿನಲ್ಲಿ ಉಪ್ಪು ಹೆಚ್ಚಾದ್ದರಿಂದ ಅವು ಬೇರೆ ಕುದುರೆಗಳಿಗಿಂತ ಬಹಳ ಹೆಚ್ಚಾಗಿ ನೀರು ಕುಡಿಯುವುವು. ಆದ್ದರಿಂದಲೇ ಹೊಟ್ಟೆ ಉಬ್ಬಿಕೊಂಡು ನೋಡುವವರಿಗೆ ಕೊಬ್ಬಿದಂತೆ ಕಾಣುವುವು. ಸೈಂಧವಕ್ಕೆ ಸೈಂಧವವೇ ಆಹಾರವಾದುದು ಹೀಗೆ.

ಈ ಹಿಂಡಿಗೆ ಒಡೆಯರು ಯಾರು? ಇದು ವಿಚಿತ್ರವಾದ ಸಂಗತಿ. ಶಿಂಕಟೀಗ್ ಊರು 1920ರಲ್ಲೂ 1924ರಲ್ಲೂ ಬೆಂಕಿಗೆ ತುತ್ತಾಗಿ ಬಹಳ ನಷ್ಟಪಟ್ಟಿತು. ಬೆಂಕಿಯನ್ನು ಆರಿಸುವ ತಕ್ಕ ಯಂತ್ರವಿರಲಿಲ್ಲ, ಕೊಳ್ಳುವುದಕ್ಕೆ ಹಣವಿರಲಿಲ್ಲ. ಆಗ ಊರವರು ಸೇರಿ ಅಗ್ನಿಶಾಮಕ ಸ್ವಯಂಸೇವಕ ಸಂಘವೊಂದನ್ನು ಸ್ಥಾಪಿಸಿದರು. ಕುದುರೆಗಳನ್ನು ವರ್ಷಕ್ಕೊಮ್ಮೆ ಒಟ್ಟುಗೂಡಿಸಿ ದೊಡ್ಡಿಗೆ ಹೊಡೆಯುವ ಪದ್ಧತಿಯು ಆ ಸೀಮೆಯಲ್ಲಿ ಹಿಂದಿನಿಂದಲೂ ಇದ್ದಿತು. ಸಂಘದವರು ಅದನ್ನೇ ಜಾತ್ರೆಯನ್ನಾಗಿ ಮಾಡಿ, ಮರಿಗಳನ್ನು ಹರಾಜು ಹಾಕಿ, ಬಂದ ಹಣದಿಂದ ಯಂತ್ರಸಾಮಗ್ರಿಗಳನ್ನು ಕೊಂಡರು. 1925ರಿಂದ ಹಿಂಡನ್ನು ಅಸಟೀಗಿನಿಂದ ಶಿಂಕಟೀಗಿಗೆ ಕಾಲುವೆಯಲ್ಲಿ ಈಜಿಸಿ ತರುವ ಪದ್ಧತಿಯು ಬಂದಿತು. ಜುಲೈ ತಿಂಗಳ ಕೊನೆಯ ಬುಧವಾರ ಈಜು, ಗುರುವಾರ ಹರಾಜು, ಶುಕ್ರವಾರ ಉಳಿದವುಗಳು ಹಿಂದಿರುಗುವುದು. 1943ರಲ್ಲಿ ಸರಕಾರದವರು ಅಸಟೀಗಿನ ವರ್ಜಿನಿಯಾ ಭಾಗವನ್ನು ಹಕ್ಕಿಗಳ ರಕ್ಷಿತಧಾಮವನ್ನಾಗಿ ಮಾಡಿದರು. 1947ರಿಂದ ಸಂಘವು ಊರವರ ತಟ್ಟುಗಳನ್ನು ಕೊಂಡು ತನ್ನದೇ ಹಿಂಡನ್ನು ಬೆಳೆಯಿಸತೊಡಗಿತು. ಆ ಧಾಮದಲ್ಲಿ ಮೇಯಿಸಲು ಅದಕ್ಕೆ ಅನುಮತಿಯು ದೊರೆಯಿತು.

ತಾಯಿಯಿಂದ ಮರಿಯನ್ನಗಲಿಸಿ ಹರಾಜಿನ ಕಟ್ಟೆಗೆ ತರುವ ಈ ಪದ್ಧತಿಯು ನಮ್ಮ ಮನಸ್ಸಿಗೆ ಹಿತವಾದುದೆಂದು ಹೇಳಲಾರೆವು. ಅಲ್ಲಿಯೂ ಅದನ್ನು ಆಕ್ಷೇಪಿಸುವವರುಂಟು. ಆದರೆ ದ್ವೀಪದ ಹುಲ್ಲಿಗೊಂದು ಮಿತಿಯುಂಟು. ಮಿತಿಮೀರಿ ಬೆಳೆದ ಹಿಂಡು ಹಸಿವಿನಿಂದ ಸಾಯುವುದೂ ಉಂಟು. ಈ ವಾದವನ್ನು ಇಲ್ಲಿ ತೀರ್ಮಾನಿಸಬೇಕಾದುದಿಲ್ಲ. ವರ್ಷವರ್ಷವೂ ಕುದುರೆಗಳನ್ನು ಮಾರಿ ಬದುಕಿದ ಸಂಘವು, ಕುದುರೆಗಳಿಗೇ ಆಪತ್ತು ಬಂದಾಗ ಏನು ಮಾಡಿತೆಂಬುದೇ ನಾವು ನೋಡತಕ್ಕ ವಿಷಯ.

1962ರ ಫೆಬ್ರವರಿ ತಿಂಗಳ ಮೊದಲ ವಾರದ ನೆನಪು ನಮ್ಮ ಹಿರಿಯರಲ್ಲಿ ಯಾರಿಗೂ ಮಾಸಿರಲಿಲ್ಲ. ಆಗ ಮಕರ ರಾಶಿಯಲ್ಲಿ ಎಂಟು ಗ್ರಹಗಳು ಕೂಡಿದ್ದುವು. ಅಷ್ಟಗ್ರಹಕೂಟದಿಂದ ಲೋಕವೇ ಮುಳುಗುವುದೆಂದು ಭಾವಿಸಿ ಭರತಖಂಡದಲ್ಲೆಲ್ಲ ಹೋಮಗಳೂ ಜಪಗಳೂ ನಡೆದುವು. ನಮ್ಮ ಮನೆಯಲ್ಲಿಯೂ ನಡೆಯಿತೆಂದು ತಂದೆಯವರು ಹೇಳುತ್ತಿದ್ದರು. ಆಗ ನಾವು ಕೈಗೂಸು. ಆ ಅಮಾವಾಸ್ಯೆಯು ನಿರ್ವಿಘ್ನವಾಗಿ ಕಳೆಯಿತು. ಅದರ ಮುಂದಿನ ಅಮಾವಾಸ್ಯೆ, ಎಂದರೆ ಮಾರ್ಚ್ 6ರಂದು, ಭೂಗೋಲದ ಆಚೆಯ ಮಗ್ಗುಲಿನಲ್ಲಿ ಕಡಲು ನಿಜವಾಗಿಯೇ ಮೇಲೆದ್ದು ಬಂದಿತು. ಇದರಲ್ಲಿ ಎಂಟು ಗ್ರಹಗಳ ಕೈವಾಡವೇನೂ ಇರಲಿಲ್ಲ, ಇದ್ದುದು ಚಂದ್ರನೊಬ್ಬನದೇ. ಅಮಾವಾಸ್ಯೆಯ ಉಬ್ಬರವು ಸಹಜವಾಗಿಯೇ ದೊಡ್ಡದು. ಆ ದಿನಗಳಲ್ಲಿ ಚಂದ್ರನು ಭೂಮಿಗೆ ಅತ್ಯಂತ ಸಮೀಪದಲ್ಲಿದ್ದುದರಿಂದ ಅದು ಮತ್ತಷ್ಟು ದೊಡ್ಡದಾಗಿದ್ದಿತು. ಅದೇ ಹೊತ್ತಿಗೆ ಸಮುದ್ರದ ಮೇಲೆ ಈಶಾನ್ಯ ದಿಕ್ಕಿನ ಬಿರುಗಾಳಿಯೊಂದು ಹುಟ್ಟಿತು. ಉತ್ತರಕ್ಕೆ ವಾಯುಭಾರವು ಅಧಿಕವಾಗಿ ನಿಂತು ದಾರಿಯನ್ನು ಕಟ್ಟಿದ್ದುದರಿಂದ ಅದು ಮುಂದಕ್ಕೆ ಹೋಗಲಾರದೆ ಕರಾವಳಿಯೆದುರಿನಲ್ಲಿಯೇ ನಿಂತುಬಿಟ್ಟಿತು.

ನಿಂತ ಬಿರುಗಾಳಿಯು ಓಡುವ ಬಿರುಗಾಳಿಗಿಂತ ಭಯಂಕರವಾದುದು. ಸಾಮಾನ್ಯ ಚಂಡಮಾರುತವು ಒಂದು ಉಬ್ಬರದ ಕಾಲದಲ್ಲಿ ಬಂದು ಹೊಡೆದು ಹೋಗಿಬಿಡುವುದು. ಇಳಿತದೊಡನೆ ನೀರೂ ಇಳಿಯುವುದು. ಇಲ್ಲಿಯಾದರೋ, ಮಾರ್ಚ್ 6ರಿಂದ 8ರವರೆಗೆ ಒಂದಾದಮೇಲೊಂದರಂತೆ ಐದು ಉಬ್ಬರಗಳು ಬಂದುವು. ನಡುವಣ ಇಳಿತಗಳಲ್ಲಿ ನೀರು ಹಿಂದೆ ಸರಿಯಲು ಗಾಳಿಯು ಬಿಡಲಿಲ್ಲ. ಏಳನೆಯ ತಾರೀಖು ಕ್ರೈಸ್ತರ ಉಪವಾಸ ವ್ರತವು ಆರಂಭವಾಗುವ ಬೂದಿ ಬುಧವಾರ. ಆದ್ದರಿಂದ ಈ ಬಿರುಗಾಳಿಗೆ ಅಲ್ಲಿಯ ಇತಿಹಾಸದಲ್ಲಿ ಆ ದಿನದ ಹೆಸರೇ ನಿಂತಿತು. ಸುಮಾರು 40 ಮಂದಿ ಮನುಷ್ಯರು ಪ್ರಾಣ ಬಿಟ್ಟರು. 20 ಕೋಟಿ ಡಾಲರುಗಳಿಗೂ ಮೇಲ್ಪಟ್ಟು ನಷ್ಟವಾಯಿತು. ಶಿಂಕಟೀಗ್ ದ್ವೀಪವು ನೀರಿನಲ್ಲಿ ಮುಳುಗಿತು. ನಿವಾಸಿಗಳಲ್ಲಿ ಅನೇಕರನ್ನು ಹೆಲಿಕಾಪ್ಟರುಗಳಲ್ಲಿ ಹೊತ್ತು ನೆಲಕ್ಕೆ ಸಾಗಿಸಬೇಕಾಯಿತು. ಹೆಲಿಕಾಪ್ಟರಿನಲ್ಲಿ ಮನುಷ್ಯನಿಗೆ ಸ್ಥಳವುಂಟು, ಕುದುರೆಗೆಲ್ಲಿಯದು?

ಪ್ರವಾಹದಲ್ಲಿ ಕುದುರೆಯ ಸ್ವಭಾವವನ್ನು ಕುರಿತು ಇಲ್ಲಿ ಕೊಂಚ ಹೇಳುವುದು ಅವಶ್ಯ. ಕುದುರೆಯು ಚೆನ್ನಾಗಿ ಈಜಬಲ್ಲ ಪ್ರಾಣಿ. ಆದರೆ ಈಜುವ ಶಕ್ತಿಯೊಂದೇ ಅದನ್ನು ಕಾಯಲಾರದು. ತಣ್ಣೀರಿನಲ್ಲಿ ಬಲವು ಬೇಗ ಕುಗ್ಗುವುದು. ದಿಕ್ಕು ಕಾಣದಿದ್ದಾಗ ಭಯದಿಂದ ಸುತ್ತಿದಲ್ಲಿಯೇ ಸುತ್ತುವುದು. ನೀರಿನಡಿಯ ಬೇಲಿಯ ತಂತಿಯು ಕಾಲಿಗೆ ಸುತ್ತಿಕೊಂಡರೆ ಅಲ್ಲಿಗೆ ಮುಗಿಯಿತು. ಕಟ್ಟಿದ ಕುದುರೆಯ ಸ್ಥಿತಿಯನ್ನಂತೂ ಹೇಳುವುದೇ ಬೇಡ. ಅದಕ್ಕಿಂತಲೂ ಆಶ್ಚರ್ಯಕರವಾದ ಸ್ವಭಾವವೊಂದುಂಟು. ನಾವು ಹತ್ತು ವರ್ಷದ ಹುಡುಗರಾಗಿದ್ದಾಗ ಒಂದು ರಾತ್ರಿ ನಮ್ಮೂರ ಕೆರೆಯ ಏರಿಯು ಒಡೆದು ಕೆಳಗಿನ ಕೇರಿಗೆ ನೀರು ನುಗ್ಗಿತು. ಅಲ್ಲಿ ಜಟಕಾ ಹೊಡೆಯುವವರೊಬ್ಬರಿದ್ದರು. ಅವರು ಎದೆಮಟ್ಟದ ನೀರಿನಲ್ಲಿ ಲಾಯಕ್ಕೆ ನಡೆದು ಹೋಗಿ ಕುದುರೆಯ ಹಗ್ಗವನ್ನು ಕತ್ತರಿಸಿ ಹೊರಗೆ ಬಿಟ್ಟರು. ಬಿಟ್ಟ ಕುದುರೆಯು ಹೊರಗಿನ ಗದ್ದಲಕ್ಕೆ ಬೆದರಿ ಮತ್ತೆ ಲಾಯದೊಳಕ್ಕೇ ಹೊಕ್ಕಿತು! ನಿತ್ಯವೂ ನಿಂತು ಹುರುಳಿ ತಿಂದ ಸ್ಥಳವೇ ಅದಕ್ಕೆ ಅಭಯಸ್ಥಾನ. ಕೊನೆಗೆ ಅವರು ತಲೆಯ ರುಮಾಲನ್ನು ಬಿಚ್ಚಿ ಅದರ ಕಣ್ಣಿಗೆ ಕಟ್ಟಿ, ಕಿವಿಯಲ್ಲಿ ಮಾತನಾಡುತ್ತ, ಶಾಲೆಯ ಜಗಲಿಯವರೆಗೂ ನಡೆಯಿಸಿಕೊಂಡು ಬಂದರು. ಆ ರಾತ್ರಿಯ ಸಾಹಸವನ್ನು ಊರೆಲ್ಲ ಕೊಂಡಾಡಿತು. ಅದರ ಮುಂದಿನ ಭಾಗವನ್ನು ಮಾತ್ರ ಯಾರೂ ಕೊಂಡಾಡಲಿಲ್ಲ. ನೀರಿನಲ್ಲಿ ನೆನೆದು ಗೊರಸು ಮೆತ್ತಗಾಗಿ, ಕಾಲಿನ ಗಾಯವು ಕೀತು, ಎರಡು ತಿಂಗಳ ಕಾಲ ಆ ಕುದುರೆಯು ಗಾಡಿಗೆ ಹೆಗಲು ಕೊಡಲಿಲ್ಲ. ದಿನವೂ ಒಣಹುಲ್ಲು ಹಾಸಬೇಕು, ಗೊರಸನ್ನು ಒರೆಸಬೇಕು, ಮೇವನ್ನು ಸ್ವಲ್ಪಸ್ವಲ್ಪವಾಗಿ ತಿನ್ನಿಸಬೇಕು. ದುಡಿಮೆ ಮಾತ್ರ ಒಂದು ಕಾಸೂ ಇಲ್ಲ. ಮಾರಿಬಿಡಿರೆಂದು ಹೇಳಿದವರೇ ಹೆಚ್ಚು. ಅವರು ಮಾರಲಿಲ್ಲ. ಶಿಂಕಟೀಗಿನ ವೃತ್ತಾಂತವನ್ನು ಓದುವಾಗಲೆಲ್ಲ ನಮ್ಮ ಕಣ್ಣ ಮುಂದೆ ಬರುವುದು ಆ ರಾತ್ರಿಯಲ್ಲ. ಆ ಎರಡು ತಿಂಗಳು.

1962ರ ನೀರಿನಲ್ಲಿ ಅಸಟೀಗಿನ ಮೇಲಿದ್ದವೂ ಶಿಂಕಟೀಗಿನ ಹಿತ್ತಲುಗಳಲ್ಲಿದ್ದವೂ ಆಗಿ ಬಹುಸಂಖ್ಯೆಯ ತಟ್ಟುಗಳು ಸತ್ತುವು. ಕೆಲವನ್ನು ಅಲೆಗಳು ಕಡಲಿಗೆ ಎಳೆದೊಯ್ದುವು. ಎತ್ತರದ ದಿಣ್ಣೆಗಳನ್ನೂ ಮರಗಳ ಮರೆಯನ್ನೂ ಸೇರಿದವು ಉಳಿದುವು. ಇವುಗಳ ನಡುವೆ ಒಂದು ಹೆಣ್ಣುಕುದುರೆಯ ಸಂಗತಿಯು ದೇಶವೆಲ್ಲ ಹಬ್ಬಿತು. ಅದರ ಹೆಸರು ಮಿಸ್ಟಿ, ಮಂಜಿನವಳೆಂದು ಅರ್ಥ. ಇದು 1946ರಲ್ಲಿ ಶಿಂಕಟೀಗಿನ ಕುಟುಂಬವೊಂದರ ಲಾಯದಲ್ಲಿ ಹುಟ್ಟಿತು. ಮಾರ್ಗರೀಟ್ ಹೆನ್ರಿ ಎಂಬ ಲೇಖಕಿಯು ಇದನ್ನು ಕೊಂಡು, ಇದನ್ನೇ ನಾಯಿಕೆಯನ್ನಾಗಿ ಮಾಡಿ 1947ರಲ್ಲಿ ಮಕ್ಕಳಿಗಾಗಿ ಒಂದು ಪುಸ್ತಕವನ್ನು ಬರೆದಳು. ಪುಸ್ತಕವು ಬಹು ಪ್ರಸಿದ್ಧವಾಗಿ, 1961ರಲ್ಲಿ ಚಲಚ್ಚಿತ್ರವೂ ಆಯಿತು. ಕೆಲವು ಕಾಲ ಲೇಖಕಿಯ ಬಳಿಯಲ್ಲಿದ್ದು ಮಿಸ್ಟಿಯು ತನ್ನ ಹುಟ್ಟೂರಿಗೇ ಹಿಂದಿರುಗಿದ್ದಿತು. ಪ್ರಳಯದ ಹೊತ್ತಿಗೆ ಅದು ತುಂಬಿದ ಗರ್ಭಿಣಿ. ನೀರು ಲಾಯದೊಳಗೆ ಏರತೊಡಗಿದಾಗ ಮನೆಯವರು ಅದನ್ನು ಕರೆತಂದು ತಮ್ಮ ಅಡಿಗೆಯ ಮನೆಯಲ್ಲಿ ನಿಲ್ಲಿಸಿದರು. ತಾವು ಮನೆಯನ್ನು ಬಿಟ್ಟು ಹೋಗಬೇಕಾಗಿ ಬಂದಾಗಲೂ ಅದನ್ನು ಅಲ್ಲಿಯೇ ಇರಿಸಿದರು. ನಮ್ಮ ಗುರುಗಳು ನಗಿಸುವುದಕ್ಕಾಗಿ ಕಟ್ಟಿದ ಚಿತ್ರವು ಇಲ್ಲಿ ಸತ್ಯವಾದುದನ್ನು ವಾಚಕರು ನೋಡಬಹುದು. ನೀರು ಇಳಿದ ಮೇಲೆ ಮಿಸ್ಟಿಯನ್ನು ಮೇರಿಲ್ಯಾಂಡಿನ ಪೊಕೊಮೋಕ್ ಎಂಬ ಊರಿನ ಪಶುವೈದ್ಯರಲ್ಲಿಗೆ ಕರೆದೊಯ್ದರು. ಅಲ್ಲಿ ಮಾರ್ಚ್ 11ರಂದು ಅದು ಒಂದು ಹೆಣ್ಣುಮರಿಯನ್ನು ಈಯಿತು. ಅದಕ್ಕಿಟ್ಟ ಹೆಸರು ಸ್ಟಾರ್ಮಿ, ಬಿರುಗಾಳಿಯವಳೆಂದರ್ಥ. ಕಡಲೊಳಗಿನ ಬೆಂಕಿಯು ಹೆಣ್ಣುಕುದುರೆಯ ಮುಖವನ್ನು ತಾಳಿದೆಯೆಂದೂ, ಅದೇ ಬಡಬಾಗ್ನಿಯೆಂದೂ, ಅದು ನೀರನ್ನು ಕುಡಿಯುತ್ತಿರುವುದರಿಂದಲೇ ಸಮುದ್ರವು ಎಲ್ಲೆಯನ್ನು ಮೀರುವುದಿಲ್ಲವೆಂದೂ ನಮ್ಮ ಪೌರಾಣಿಕರು ಹೇಳುವರು. ಆ ವಾರ ಬಡಬೆಯು ತನ್ನ ಕೆಲಸವನ್ನು ಮರೆತಿದ್ದಳೆಂದು ತೋರುತ್ತದೆ.

ಮಿಸ್ಟಿಯು ಅದೃಷ್ಟವಂತೆ; ಅವಳಿಗೆ ಹೆಸರಿದ್ದಿತು. ಹೆಸರಿಲ್ಲದ ಹಿಂಡಿನ ಗತಿಯೇನಾಯಿತು?

ನಮ್ಮ ಶಾಸ್ತ್ರಗಳಲ್ಲಿ ಯೋಗಕ್ಷೇಮವೆಂಬ ಜೋಡಿ ಶಬ್ದವುಂಟು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡುವುದು ಕ್ಷೇಮ. ಕಾಗದದ ತಲೆಯ ಮೇಲೆ ‘ಕ್ಷೇಮ’ ಎಂದು ಬರೆದುಬರೆದು ನಾವು ಆ ಶಬ್ದದ ಭಾರವನ್ನು ಮರೆತಿದ್ದೇವೆ. ಪ್ರಳಯವು ಇಳಿದ ಮರುದಿನವೇ ಕ್ಷೇಮದ ಕೆಲಸವು ಆರಂಭವಾಗುವುದು. ಮೊದಲನೆಯದಾಗಿ ಸತ್ತ ಪ್ರಾಣಿಗಳ ಶವಗಳನ್ನು ತೆಗೆಯಬೇಕು. ಇಲ್ಲವಾದರೆ ಉಳಿದ ಜನಕ್ಕೂ ಜಾನುವಾರಿಗೂ ರೋಗವು ತಪ್ಪದು. ಎರಡನೆಯದು ಸಿಹಿನೀರು. ಮರಳುದ್ವೀಪದಲ್ಲಿ ಕುದುರೆಗಳು ಕುಡಿಯುವುದು ಮಳೆಯ ನೀರು ನಿಂತ ಹೊಂಡಗಳಲ್ಲಿ. ಕಡಲು ಮೇಲೆ ಹಾದುಹೋದ ಮೇಲೆ ಆ ಹೊಂಡಗಳೆಲ್ಲ ಉಪ್ಪು. ಸುತ್ತಲೂ ನೀರಿದ್ದು ಕುಡಿಯಲು ಹನಿಯಿಲ್ಲದ ಸ್ಥಿತಿ. ಮೂರನೆಯದು ಮೇವು. ಹಸಿದ ಕುದುರೆಯ ಮುಂದೆ ದಯೆಯಿಂದ ಧಾನ್ಯದ ರಾಶಿಯನ್ನು ಸುರಿಯುವುದು ಅದನ್ನು ಕೊಲ್ಲುವ ಒಂದು ಉಪಾಯವೇ ಸರಿ. ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲ. ಒಮ್ಮೆಗೇ ತಿಂದರೆ ಹೊಟ್ಟೆಶೂಲೆ ಹಿಡಿದು ಸಾಯುವುದು, ಅಥವಾ ಗೊರಸಿನೊಳಗೆ ಉರಿಯೂತವುಂಟಾಗಿ ಕುಂಟಾಗುವುದು. ಒಳ್ಳೆಯ ಒಣಹುಲ್ಲನ್ನು ಸ್ವಲ್ಪ ಸ್ವಲ್ಪವಾಗಿ, ಆದರೆ ಅನೇಕ ಸಲ ಕೊಡುತ್ತ, ದಿನಗಳ ಮೇಲೆ ದಿನ ಅದರ ಕರುಳನ್ನು ಮತ್ತೆ ಪಳಗಿಸಬೇಕು. ತಂತಿ ತರಚಿದ ಗಾಯಗಳಿಗೆ ಧನುರ್ವಾಯುವಿನ ಭಯವುಂಟು. ಈ ರೋಗವು ಕುದುರೆಗೆ ಹತ್ತುವಷ್ಟು ಸುಲಭವಾಗಿ ಬೇರೆ ಪ್ರಾಣಿಗಳಿಗೆ ಹತ್ತದು. ಚಳಿಯಲ್ಲಿ ನೆನೆದ ಮೈಗೆ ಶ್ವಾಸಕೋಶದ ಜ್ವರ, ಒದ್ದೆ ಕೂದಲಿನ ಬುಡದಲ್ಲಿ ಚರ್ಮದ ಹುಣ್ಣು. ಶಾಲಿಹೋತ್ರನ ಹೆಸರಿನಲ್ಲಿ ಬಂದ ಅಶ್ವಶಾಸ್ತ್ರದ ಪರಂಪರೆಯೂ, ನಮ್ಮ ಕಲ್ಯಾಣದ ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸವೂ ಕುದುರೆಗಾಗಿ ಎಷ್ಟೊಂದು ಶ್ಲೋಕಗಳನ್ನು ಮೀಸಲಿಟ್ಟಿರುವುದನ್ನು ಕಂಡು, ರಾಜರಿಗೆ ಬೇರೆ ಕೆಲಸವಿರಲಿಲ್ಲವೇ ಎಂದು ಒಂದು ಕಾಲದಲ್ಲಿ ನಾವು ನಕ್ಕಿದ್ದುಂಟು. ಅಷ್ಟು ದೊಡ್ಡ ಶರೀರದಲ್ಲಿ ಅಷ್ಟು ಸೂಕ್ಷ್ಮವಾದ ಆರೋಗ್ಯವನ್ನಿಟ್ಟ ಬ್ರಹ್ಮನ ಚಾತುರ್ಯವನ್ನು ಬಲ್ಲವರು ಹಾಗೆ ನಗಲಾರರು.

ಇವೆಲ್ಲ ಉಳಿದ ಕುದುರೆಗಳ ಮಾತು. ಹಿಂಡಿನ ಮಾತು ಬೇರೆ. ಮಾರ್ಚ್ ತಿಂಗಳೆಂದರೆ ಹೆಣ್ಣುಕುದುರೆಗಳು ಗರ್ಭ ತುಂಬಿ ವಸಂತದ ಹೆರಿಗೆಗೆ ಕಾದಿರುವ ಕಾಲ. ಆಗ ಸತ್ತ ಒಂದೊಂದು ಹೆಣ್ಣುಕುದುರೆಯೊಡನೆ ಆ ವರ್ಷದ ಒಂದೊಂದು ಮರಿಯೂ ಹೋಯಿತು. ಕುದುರೆಯು ಹನ್ನೊಂದು ತಿಂಗಳು ಹೊತ್ತು ಒಂದೇ ಮರಿಯನ್ನು ಈಯುವ ಪ್ರಾಣಿಯಾದ್ದರಿಂದ, ಮುರಿದ ಹಿಂಡು ತಾನೇ ಬೆಳೆಯಲೆಂದು ಬಿಟ್ಟರೆ ಎಷ್ಟು ವರ್ಷಗಳು ಹಿಡಿಯುವುವೆಂಬುದನ್ನು ವಾಚಕರೇ ಲೆಕ್ಕ ಹಾಕಿಕೊಳ್ಳಬಹುದು. ಊರಿನವರ ಮನೆಗಳೇ ಕೊಚ್ಚಿಹೋಗಿದ್ದಾಗ ಸಂಘವು ಕೈಚೆಲ್ಲಿ ಕುಳಿತಿದ್ದರೆ ಯಾರೂ ದೂರುತ್ತಿರಲಿಲ್ಲ.

ಆದರೆ ಸಂಘಕ್ಕೆ ಒಂದು ವಿಚಿತ್ರವಾದ ಆಸ್ತಿಯಿದ್ದಿತು. ಮೂವತ್ತು ಮೂವತ್ತೈದು ವರ್ಷಗಳಿಂದ ಹರಾಜಿನಲ್ಲಿ ಮಾರಿದ ಮರಿಗಳು ದೇಶದ ನಾನಾ ಭಾಗಗಳಲ್ಲಿ ಬೆಳೆದು ನಿಂತಿದ್ದುವು. ದ್ವೀಪದಲ್ಲಿ ರಕ್ತವು ಕಡಿಮೆಯಾದರೂ ಹೊರಗಿನ ಲಾಯಗಳಲ್ಲಿ ಅದೇ ರಕ್ತವು ಸುರಕ್ಷಿತವಾಗಿದ್ದಿತು. ಮಾರಿದವುಗಳನ್ನು ಮತ್ತೆ ಕೊಂಡು ತರುವುದೆಂದು ನಿಶ್ಚಯವಾಯಿತು. ಅದಕ್ಕೆ ಹಣ ಬೇಕು. ಮಿಸ್ಟಿಯ ಹೆಸರಿನಲ್ಲಿ ಒಂದು ಪರಿಹಾರನಿಧಿಯನ್ನು ತೆರೆದರು. ಹಿಂದಿನ ವರ್ಷ ತೆಗೆದ ಚಲಚ್ಚಿತ್ರವನ್ನು ಊರೂರುಗಳಲ್ಲಿ ತೋರಿಸಿ, ಮಿಸ್ಟಿಯನ್ನೂ ಹಾಲು ಕುಡಿಯುವ ಸ್ಟಾರ್ಮಿಯನ್ನೂ ಚಿತ್ರಮಂದಿರಗಳಿಗೆ ಕರೆದೊಯ್ದು ಜನರ ಮುಂದೆ ನಿಲ್ಲಿಸಿದರು. ಪುಸ್ತಕವನ್ನು ಓದಿದ ಮಕ್ಕಳು ತಮ್ಮ ಕೈಗಾಸನ್ನು ಕಳುಹಿದರು. ಹೀಗೆ ಕೂಡಿದ ಹಣದಿಂದ ಹಳೆಯ ಹರಾಜಿನ ತಟ್ಟುಗಳನ್ನು ಕೊಂಡು ತಂದು ದ್ವೀಪಕ್ಕೆ ಬಿಟ್ಟರು. ಬೆಂಕಿಯ ಯಂತ್ರಕ್ಕಾಗಿ ಕುದುರೆಯನ್ನು ಮಾರಿದ ಕೈಗಳು, ಕುದುರೆಗಾಗಿ ಬೇಡುವ ಕೈಗಳಾದುವು. ಮಾರ್ಗರೀಟ್ ಹೆನ್ರಿಯು ಈ ವೃತ್ತಾಂತವನ್ನೇ ಆಧರಿಸಿ 1963ರಲ್ಲಿ ಸ್ಟಾರ್ಮಿಯ ಹೆಸರಿನಲ್ಲಿ ಮತ್ತೊಂದು ಪುಸ್ತಕವನ್ನು ಪ್ರಕಟಿಸಿದಳು. ಮಕ್ಕಳ ಪುಸ್ತಕವೆಂದರೆ ಹಗುರವಾದ ಬರೆವಣಿಗೆಯೆಂದು ಎಣಿಸುವ ನಮ್ಮ ವಿದ್ವಾಂಸರು ಇದನ್ನು ಗಮನಿಸಬೇಕು. ನಮಗೆ ತಿಳಿದ ಮಟ್ಟಿಗೆ ಯಾವ ಮಹಾಕಾವ್ಯವೂ ಒಂದು ಕುದುರೆಯನ್ನು ಹಣ ಕೊಟ್ಟು ಬಿಡಿಸಿ ತಂದುದಿಲ್ಲ.

ಈ ಬಿರುಗಾಳಿಯಿಂದ ಮತ್ತೊಂದು ಪರಿಣಾಮವೂ ಉಂಟಾಯಿತು. 1950ರ ದಶಕದಲ್ಲಿ ಅಸಟೀಗಿನ ಮೇರಿಲ್ಯಾಂಡ್ ಭಾಗದಲ್ಲಿ ಕಡಲತೀರದ ವಿಹಾರನಗರವೊಂದನ್ನು ಕಟ್ಟುವ ಸನ್ನಾಹವು ನಡೆದಿದ್ದಿತು. ಮರಳನ್ನು ಸಾವಿರಾರು ನಿವೇಶನಗಳಾಗಿ ಅಳೆದು ಮಾರಿದ್ದರು. ಉದ್ದಕ್ಕೂ ಒಂದು ರಸ್ತೆಯನ್ನೂ ಹಾಕಿದ್ದರು. ಕೆಲವು ಮನೆಗಳೂ ಎದ್ದಿದ್ದುವು. ಆ ಮೂರು ದಿವಸಗಳಲ್ಲಿ ರಸ್ತೆಯೂ ಮನೆಗಳಲ್ಲಿ ಬಹುಭಾಗವೂ ನಾಶವಾದುವು. ಮರಳಿನ ಮೇಲೆ ಮನೆ ಕಟ್ಟುವುದೆಂಬುದು ಅಲ್ಲಿ ದೃಷ್ಟಾಂತವಾಗಿ ಉಳಿಯದೆ ಪ್ರತ್ಯಕ್ಷವಾಯಿತು. ಮತ್ತೆ ಕಟ್ಟುವ ಧೈರ್ಯವು ಕುಗ್ಗಿತು. 1965ರ ಸೆಪ್ಟೆಂಬರಿನಲ್ಲಿ ಆ ತೀರವು ಕಾಯಿದೆಯ ಮೂಲಕ ರಾಷ್ಟ್ರೀಯ ಕಡಲತೀರವೆಂದು ರಕ್ಷಿತವಾಯಿತು. ಆ ನಗರವು ನಿಂತಿದ್ದರೆ ಆ ಭಾಗದಲ್ಲಿ ಇಂದು ಕುದುರೆಗೆ ಕಾಲೂರಲು ಎಡೆಯಿರುತ್ತಿರಲಿಲ್ಲ. ಅನೇಕ ಕುದುರೆಗಳನ್ನು ಕೊಂದ ನೀರೇ ಮುಂದೆ ಹುಟ್ಟುವ ಕುದುರೆಗಳಿಗೆ ನೆಲವನ್ನು ಬಿಡಿಸಿಕೊಟ್ಟಿತು. ಇದನ್ನು ದೈವವೆನ್ನುವವರು ಎನ್ನಲಿ. ಸತ್ತವುಗಳಿಗೆ ಅದರಿಂದ ಬಂದುದೇನೂ ಇಲ್ಲ.

ಈಗ ಆ ಒಂದೇ ದ್ವೀಪದಲ್ಲಿ ಎರಡು ಬಗೆಯ ಕ್ಷೇಮಗಳು ನಡೆಯುತ್ತಿವೆ. ಎರಡು ಸಂಸ್ಥಾನಗಳ ಗಡಿಯಲ್ಲಿ ಒಂದು ಬೇಲಿ. ಬೇಲಿಯ ಉತ್ತರಕ್ಕೆ, ಮೇರಿಲ್ಯಾಂಡಿನ ಹಿಂಡನ್ನು ರಾಷ್ಟ್ರೀಯ ಉದ್ಯಾನದವರು ಕಾಡುಮೃಗಗಳೆಂದೇ ಎಣಿಸುವರು; ಮೇವನ್ನು ಹಾಕುವುದಿಲ್ಲ, ಬಿರುಗಾಳಿ ಬಂದರೆ ಸಾಗಿಸುವುದಿಲ್ಲ. ಎತ್ತರದ ನೆಲವು ಎಲ್ಲಿದೆಯೆಂಬುದು ಅವುಗಳಿಗೇ ಗೊತ್ತಿರುವುದೆಂದು ಬಿಟ್ಟುಬಿಡುವರು. ಹಿಂಡು ಮಿತಿಮೀರದಂತೆ 1994ರಿಂದ ಹೆಣ್ಣುಕುದುರೆಗಳಿಗೆ ಗರ್ಭನಿರೋಧಕ ಔಷಧವನ್ನು ದೂರದಿಂದಲೇ ಬಾಣದಂತೆ ಹೊಡೆದು ಕೊಡತೊಡಗಿದರು. ಬೇಲಿಯ ದಕ್ಷಿಣಕ್ಕೆ ಸಂಘದ ಹಿಂಡು. ಅದರಲ್ಲಿ ಬೆಳೆದ ಕುದುರೆಗಳು 150ನ್ನು ಮೀರಕೂಡದೆಂದು ಅನುಮತಿಪತ್ರದ ನಿಯಮ. ಅವನ್ನು ವರ್ಷದಲ್ಲಿ ಕೆಲವು ಸಲ ಒಟ್ಟುಗೂಡಿಸಿ ಪಶುವೈದ್ಯರಿಂದ ಪರೀಕ್ಷೆ ಮಾಡಿಸುವರು. 2018ರಲ್ಲಿ ಜವುಗುನೀರಿನಿಂದ ಹತ್ತುವ ಹುಣ್ಣಿನ ರೋಗವೊಂದರಿಂದ ಏಳು ಕುದುರೆಗಳು ಸತ್ತಾಗ ಸಂಘದವರು ಪಟ್ಟ ಪಾಡು ಪ್ರಳಯದ ಪಾಡಿಗಿಂತ ಕಡಿಮೆಯದಾಗಿರಲಿಲ್ಲ. ಈ ಎರಡು ಮತಗಳಲ್ಲಿ ಯಾವುದು ಸರಿ? ಸ್ವತಂತ್ರವಾದ ಪ್ರಾಣಿಯ ಸ್ವಾತಂತ್ರ್ಯವನ್ನು ಗೌರವಿಸಬೇಕೆಂಬ ಉತ್ತರದವರ ಮಾತಿನಲ್ಲಿ ಘನತೆಯಿದೆ. ಆದರೆ ಮನುಷ್ಯನೇ ತಂದು ಬಿಟ್ಟ ಪ್ರಾಣಿಯನ್ನು, ಅದು ಹೊರಗೆ ಹೋಗದಂತೆ ಬೇಲಿಯನ್ನೂ ಹಾಕಿ, ಕಾಡುಮೃಗವೆಂದು ಕರೆದ ಮಾತ್ರಕ್ಕೆ ಋಣವು ತೀರುವುದೆಂದು ನಮಗೆ ತೋರದು. ಜಟಕಾದವರ ನೆರೆಯಲ್ಲಿ ಬೆಳೆದವನ ಪಕ್ಷಪಾತವೆಂದು ವಾಚಕರು ಇದನ್ನು ಕ್ಷಮಿಸಬಹುದು.

ಇದೇ ವಿಷಯಕ್ಕೆ ಸೇರಿದ ಇತ್ತೀಚಿನ ಒಂದು ಪ್ರಸಂಗವನ್ನು ಹೇಳದಿರಲಾರೆವು. ಹಾಲೆಂಡ್ ದೇಶದ ಉತ್ತರದಲ್ಲಿ ಫ್ರೀಸ್‌ಲಾಂಡ್ ಎಂಬ ಪ್ರಾಂತವಿದೆ. ಅಲ್ಲಿಯ ಮಾರ್ರುಮ್ ಗ್ರಾಮದ ಬಳಿ, ಕಡಲ ಕಟ್ಟೆಯ ಹೊರಗಿನ ಹುಲ್ಲುಗಾವಲಿನಲ್ಲಿ ಮೇಯುತ್ತ ನೂರಕ್ಕೂ ಮೇಲ್ಪಟ್ಟ ಕುದುರೆಗಳಿದ್ದುವು. 2006ರ ಅಕ್ಟೋಬರ್ 31ರ ರಾತ್ರಿ ಬಿರುಗಾಳಿಯೆದ್ದು ಕಡಲು ಗಾವಲನ್ನು ಮುಚ್ಚಿತು. ಕುದುರೆಗಳು ಒಂದು ಸಣ್ಣ ದಿಬ್ಬದ ಮೇಲೆ ಮೈಗೆ ಮೈಯೊತ್ತಿ ನಿಂತುವು. ಸುಮಾರು 20 ಸತ್ತುವು. ಅಗ್ನಿಶಾಮಕದವರು ದೋಣಿಗಳಲ್ಲಿ ಕೆಲವನ್ನು ಮಾತ್ರ ತರಬಲ್ಲವರಾದರು. ಸೈನ್ಯದವರ ಪ್ರಯತ್ನವೂ ಕೈಗೂಡಲಿಲ್ಲ. ಹೀಗೆ ದಿನಗಳು ಕಳೆದುವು. ನವೆಂಬರ್ 3ರಂದು, ನೀರು ಕೊಂಚ ಇಳಿದಾಗ, ಕೆಲವರು ಸ್ತ್ರೀಯರು ತಮ್ಮ ತಮ್ಮ ಕುದುರೆಗಳನ್ನೇರಿ ನೀರನ್ನು ಹಾದು ಆ ದಿಬ್ಬಕ್ಕೆ ಹೋದರು. ಹೋಗಿ, ಹಿಂಡಿನ ಮುಂದೆ ನಿಂತು, ದಡದ ಕಡೆಗೆ ತಿರುಗಿ ನಡೆದರು. ಅಷ್ಟೆ. ಮೂರು ದಿನ ದೋಣಿಗೂ ಕೂಗಿಗೂ ಅಲುಗದ ಹಿಂಡು ಆ ಕುದುರೆಗಳ ಬೆನ್ನು ಹಿಡಿದು ಸಾಲಾಗಿ ನೀರಿಗಿಳಿಯಿತು. ನಡೆಯುತ್ತಲೂ ಈಜುತ್ತಲೂ ದಡವನ್ನು ಸೇರಿತು. ಕುದುರೆಗೆ ದಾರಿ ತೋರಿಸಬಲ್ಲುದು ಕುದುರೆಯೇ. ಕಣ್ಣು ಕಟ್ಟಿ ಕಿವಿಯಲ್ಲಿ ಮಾತನಾಡಿದ ನಮ್ಮೂರಿನ ಜಟಕಾದವರಿಗೆ ಇದನ್ನು ಹೇಳಿದ್ದರೆ, ಇದರಲ್ಲಿ ಹೊಸದೇನಿದೆಯೆಂದು ಕೇಳುತ್ತಿದ್ದರೋ ಏನೋ.

ಶಿಂಕಟೀಗಿಗೆ ಮತ್ತೆ ಬರೋಣ. ಮಿಸ್ಟಿಯು 1972ರಲ್ಲಿಯೂ ಸ್ಟಾರ್ಮಿಯು 1993ರಲ್ಲಿಯೂ ಸತ್ತುವು. ಎರಡರ ದೇಹಗಳಿಗೂ ಮಸಾಲೆ ತುಂಬಿ ಊರಿನ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿರುವರು. ಪ್ರೀತಿಯಿಂದ ಮಾಡಿದ ಕೆಲಸವೇ ಇರಬಹುದು. ಆದರೂ ಸತ್ತುದನ್ನು ಮಣ್ಣಿಗೊಪ್ಪಿಸಿ ಅಭ್ಯಾಸವಾದ ನಮಗೆ ಅದು ಒಗ್ಗದು. ಪ್ರಳಯದ ಸ್ಮಾರಕವಾಗಿ ನಮಗೆ ರುಚಿಸುವುದು ಬೇರೊಂದು ಪದ್ಧತಿ. ಜುಲೈ ತಿಂಗಳ ಈಜು ಈಗಲೂ ನಡೆಯುತ್ತಿದೆ. ಉಬ್ಬರವೂ ಇಲ್ಲದ ಇಳಿತವೂ ಇಲ್ಲದ, ನೀರು ನಿಂತಂತಿರುವ ಕೆಲವು ನಿಮಿಷಗಳನ್ನು ಕಾದು ನೋಡಿ ಸಂಘದ ಸವಾರರು ಹಿಂಡನ್ನು ಕಾಲುವೆಗೆ ಇಳಿಸುವರು. ಐದು ಹತ್ತು ನಿಮಿಷಗಳಲ್ಲಿ ಅವು ಈಚೆಯ ದಡಕ್ಕೆ ಬರುವುವು. ಮರುದಿನದ ಹರಾಜಿನಲ್ಲಿ ಕೆಲವು ಮರಿಗಳನ್ನು ‘ಹಿಂದಕ್ಕೆ ಬಿಡತಕ್ಕವು’ ಎಂದು ಗುರುತಿಸಿರುವರು. ಇವನ್ನು ಕೊಳ್ಳುವವರು ಹಣವನ್ನು ತೆರುವರು, ಮರಿಗೊಂದು ಹೆಸರನ್ನಿಡುವರು, ಮನೆಗೆ ಮಾತ್ರ ಒಯ್ಯುವುದಿಲ್ಲ. ಹಣವು ಬೆಂಕಿಯ ಯಂತ್ರಕ್ಕೂ ಹಿಂಡಿನ ಔಷಧಕ್ಕೂ ಸೇರುವುದು. ಶುಕ್ರವಾರ ಬೆಳಗ್ಗೆ ಆ ಮರಿಗಳು ತಮ್ಮ ತಾಯಿಗಳ ಹಿಂದೆಯೇ ನೀರಿಗಿಳಿದು ಅಸಟೀಗಿಗೆ ಹಿಂದಿರುಗುವುವು.